ಕಿಂಡಿಯ ಹಲಗೆ ಯಾರ ಕೈಯಲ್ಲಿದೆ?

(ಕುಂದಾಪುರದಲ್ಲಿ ಜರುಗಿದ ನಮ್ಮ ಬಳಗದ ವಾರ್ಷಿಕ ಸಭೆಯಲ್ಲಿ ಸದಸ್ಯರಾದ ಕೃಷಿ ವಿಜ್ಞಾನಿಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ.)



ಮಣ್ಣು, ಬೀಜ, ಬೆಳೆಯ ರೋಗ ಇವುಗಳ ಕುರಿತು ಮಾತನಾಡುವುದು ನನ್ನ ವೃತ್ತಿ. ಸಂಘಟಕರು ಈ ಬಾರಿ ಸಾಮಾಜಿಕ ಜಾಲತಾಣಗಳ ಒಡೆತನ ಮತ್ತು ರಾಜಕೀಯದ ಕುರಿತು ಮಾತನಾಡಬೇಕೆಂದಾಗ ಇದು ನನ್ನ ಗದ್ದೆಯಲ್ಲ ಎಂದು ಹಿಂಜರಿದೆ. ಆದರೆ ಯೋಚಿಸಿ ನೋಡಿದರೆ, ಪಶ್ಚಿಮ ಘಟ್ಟದ ಬಗ್ಗೆ ಇತ್ತೀಚಿನ ವರ್ಷಗಳಲ್ಲಿ ನಾನು ಪಾಲ್ಗೊಂಡ ಬಹುತೇಕ ಸಭೆಗಳು ಆರಂಭವಾದದ್ದು ಯಾವುದೋ ಮೊಬೈಲಿನ ತೆರೆಯನ್ನು ನನ್ನ ಮುಖಕ್ಕೆ ಹಿಡಿಯುವುದರಿಂದಲೇ. ವಿಷಯ ನನ್ನ ಅಂಗಳಕ್ಕೇ ಬಂದಿರುವಾಗ ಅದರಿಂದ ತಪ್ಪಿಸಿಕೊಳ್ಳುವುದು ಸರಿಯಲ್ಲವೆನಿಸಿತು.

2024ರ ಮಳೆಗಾಲದ ಒಂದು ಪ್ರಸಂಗದಿಂದ ಮಾತು ಆರಂಭಿಸುತ್ತೇನೆ. ಆ ವರ್ಷದ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜನ ಮಣ್ಣುಪಾಲಾದರು. ಮರುದಿನವೇ ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಅಧಿಸೂಚನೆಯನ್ನು ಹೊರಡಿಸಿತು. ಕೆಲವು ವಾರಗಳ ಬಳಿಕ ಬೈಂದೂರು ತಾಲೂಕಿನ ಘಟ್ಟದ ಬುಡದ ಹಳ್ಳಿಯೊಂದಕ್ಕೆ ಅಡಿಕೆಯ ಎಲೆಚುಕ್ಕಿ ರೋಗ ನೋಡಲು ಹೋಗಿದ್ದೆ. ತೋಟದ ಯಜಮಾನರು ರೋಗದ ಮಾತು ಬದಿಗಿಟ್ಟು ಮೊಬೈಲ್ ತೋರಿಸಿದರು. 'ಇನ್ನು ಕೊಟ್ಟಿಗೆಯ ಹೆಂಚು ಬದಲಿಸುವಂತಿಲ್ಲ, ತೋಟಕ್ಕೆ ಮದ್ದು ಹೊಡೆಯುವಂತಿಲ್ಲ, ಮೂರು ವರ್ಷದೊಳಗೆ ಎಲ್ಲರನ್ನೂ ಒಕ್ಕಲೆಬ್ಬಿಸುತ್ತಾರೆ' ಎಂಬ ಸಂದೇಶ. ಇದನ್ನು ಬರೆದವರು ಯಾರು ಎಂದು ಕೇಳಿದೆ. ಅವರು ನನ್ನನ್ನೇ ವಿಚಿತ್ರವಾಗಿ ನೋಡಿ ಹೇಳಿದರು: "ಹ್ವಾಯ್, ಎಲ್ಲರಿಗೂ ಬಂದಿತ್, ಸುಳ್ಳ್ ಹ್ಯಾಂಗ್ ಆತ್ತ್?"

ಇಂದಿನ ನನ್ನ ಮಾತೆಲ್ಲವೂ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೆಂದು ತಿಳಿಯಬೇಕು.

ಕರಡಿನಲ್ಲಿ ಇದ್ದದ್ದೇನು?

ಮೊದಲು ಕರಡನ್ನೇ ನೋಡೋಣ. ಆರು ರಾಜ್ಯಗಳ ಸುಮಾರು 56,825 ಚದರ ಕಿಲೋಮೀಟರ್ ಪ್ರದೇಶ, ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳು ಗಣಿಗಾರಿಕೆಗೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರಕ್ಕೆ ನಿಷೇಧ. 'ಕೆಂಪು' ವರ್ಗದ ಹೊಸ ಕೈಗಾರಿಕೆಗಳಿಗೆ ನಿಷೇಧ. 20,000 ಚದರ ಮೀಟರಿಗಿಂತ ಮೇಲಿನ ಕಟ್ಟಡ ಯೋಜನೆಗಳಿಗೆ ನಿಷೇಧ. ಇರುವ ವಾಸದ ಮನೆಗಳ ದುರಸ್ತಿಗೆ, ವಿಸ್ತರಣೆಗೆ ಅಡ್ಡಿಯಿಲ್ಲವೆಂದು ಕರಡು ಹೇಳುತ್ತದೆ. ಬೇಸಾಯವನ್ನು ಅದು ನಿಷೇಧಿಸಿಲ್ಲ, ಒಕ್ಕಲೆಬ್ಬಿಸುವ ಪ್ರಸ್ತಾಪವೂ ಇಲ್ಲ.

ಹಾಗೆಂದು ಆ ಯಜಮಾನರ ಭಯವೆಲ್ಲ ಬರೀ ಭ್ರಮೆ ಎಂದು ನಾನು ಹೇಳಲಾರೆ. ಕಸ್ತೂರಿರಂಗನ್ ಸಮಿತಿಯು 2013ರ ವರದಿಯಲ್ಲಿ ಉಪಗ್ರಹದ ಚಿತ್ರಗಳನ್ನು ಆಧರಿಸಿ ಗಡಿ ಗುರುತಿಸಿತು. ಶೇಕಡಾ 20ಕ್ಕಿಂತ ಹೆಚ್ಚು ನೈಸರ್ಗಿಕ ಹಸಿರು ಇರುವ ಇಡೀ ಗ್ರಾಮವನ್ನೇ ಒಂದು ಘಟಕವಾಗಿ ಪರಿಗಣಿಸಿತು. ತೋಟ ಯಾವುದು, ಕಾಡು ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದ ಗ್ರಾಮಸಭೆಯನ್ನು ಯಾರೂ ಮೊದಲು ಕೇಳಲಿಲ್ಲ. ಅದಕ್ಕೂ ಹಿಂದೆ, 2011ರ ಆಗಸ್ಟ್ 31ರಂದು ಸಲ್ಲಿಕೆಯಾದ ಮಾಧವ ಗಾಡ್ಗೀಳ್ ವರದಿಯನ್ನು ಸಚಿವಾಲಯವೇ ಬಚ್ಚಿಟ್ಟಿತು. ಮಾಹಿತಿ ಹಕ್ಕಿನ ಹೋರಾಟ ದೆಹಲಿ ಹೈಕೋರ್ಟಿನವರೆಗೆ ಹೋದ ಮೇಲಷ್ಟೇ 2012ರ ಮೇ ತಿಂಗಳಲ್ಲಿ ಅದು ಹೊರಬಂತು. ಗ್ರಾಮಸಭೆಗಳೇ ತೀರ್ಮಾನಿಸಲಿ ಎಂದು ಹೇಳಿದ ವರದಿಯನ್ನು ಗ್ರಾಮಸಭೆಗಳೇ ಓದಲಾಗದ ಸ್ಥಿತಿ! ಆ ಖಾಲಿ ಜಾಗದಲ್ಲಿ ವದಂತಿ ಬೆಳೆಯಿತು. ಮುಂದೆ ಕರಡಿನ ಮೇಲೆ ಕರಡು ಬಂದಾಗಲೂ ಅದರ ಕನ್ನಡ ಪಾಠ ಮನೆಬಾಗಿಲಿಗೆ ಬರಲಿಲ್ಲ, ಬಂದದ್ದು ವಾಟ್ಸಾಪ್ ಸಂದೇಶ.

ಇದರ ಲಾಭ ಯಾರಿಗೆ ಎಂಬುದನ್ನೂ ಗಮನಿಸಬೇಕು. ಜನರ ನಡುವೆ ಕೊಟ್ಟಿಗೆಯ ಹೆಂಚಿನ ಮಾತು ಎದ್ದಾಗ ಕ್ವಾರಿಯ ಮಾತು ತಾನಾಗಿಯೇ ಮರೆಯಾಗುತ್ತದೆ. ರಾಜ್ಯದಲ್ಲಿ ಅಧಿಕಾರಕ್ಕೆ ಬಂದ ಪಕ್ಷಗಳೆಲ್ಲವೂ ಸರದಿಯಂತೆ ವರದಿಯನ್ನು ತಿರಸ್ಕರಿಸಿವೆ. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟವು ಮತ್ತೊಮ್ಮೆ ಅದನ್ನೇ ಮಾಡಿತು. ತಿರಸ್ಕರಿಸುವುದು ಸರಕಾರದ ಹಕ್ಕು. ಆದರೆ ಜನ ಓದದ ಕಾಗದವನ್ನು ಜನರ ಹೆಸರಿನಲ್ಲಿ ತಿರಸ್ಕರಿಸುವುದನ್ನು ಜನಾಭಿಪ್ರಾಯ ಎನ್ನಬಹುದೇ?

ಹೆಸರಿಲ್ಲದ ಕರಪತ್ರ

ನಮ್ಮ ಹಿರಿಯರ ಕಾಲದಲ್ಲೂ ರಾಜಕೀಯ ಪ್ರಚಾರವಿತ್ತು, ಸುಳ್ಳೂ ಇತ್ತು. ಕೋಟದ ಶಿವರಾಮ ಕಾರಂತರು ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿದ ಕಾಲದಲ್ಲಿ ಚುನಾವಣೆಯ ಮಾತು ಊರೂರಿಗೆ ತಲುಪುತ್ತಿದ್ದುದು ಕರಪತ್ರ ಮತ್ತು ಧ್ವನಿವರ್ಧಕಗಳ ಮೂಲಕ. ಆದರೆ ಆ ಕರಪತ್ರಗಳ ಬುಡದಲ್ಲಿ ಒಂದು ಸಣ್ಣ ಸಾಲು ಇರುತ್ತಿತ್ತು: ಮುದ್ರಕರ ಹೆಸರು, ಪ್ರಕಾಶಕರ ಹೆಸರು. ಅದು ಮುದ್ರಣಾಲಯದವರ ಖಯಾಲಿಯಲ್ಲ. ಮುದ್ರಿತ ಹಾಳೆಯ ಮೇಲೆ ಮುದ್ರಕನ ಹೆಸರು, ಮುದ್ರಿಸಿದ ಸ್ಥಳ ಇರಬೇಕೆಂದು 1867ರ ಕಾಯಿದೆಯೇ ವಿಧಿಸಿತ್ತು. ಚುನಾವಣಾ ಕರಪತ್ರಕ್ಕೆ ಮುದ್ರಕ ಮತ್ತು ಪ್ರಕಾಶಕರ ಹೆಸರು ಬೇಕೆಂಬ ನಿಯಮ 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 127ಎ ಕಲಮಿನಲ್ಲಿ ಇಂದಿಗೂ ಇದೆ. ಪತ್ರಿಕೆಗಳಂತೂ ದಶಕಗಳ ಕಾಲ ಪ್ರತಿ ವರ್ಷ ಫೆಬ್ರವರಿ ಮುಗಿದ ಬಳಿಕದ ಮೊದಲ ಸಂಚಿಕೆಯಲ್ಲಿ ತಮ್ಮ ಒಡೆಯರು ಯಾರು, ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಹೂಡಿದವರು ಯಾರು ಎಂಬುದನ್ನು ಪ್ರಕಟಿಸುತ್ತಿದ್ದವು. ಅದನ್ನು ಓದುತ್ತಿದ್ದವರು ಕಡಿಮೆ. ಆದರೂ ಅದರ ಹಿಂದೆ ಒಂದು ತತ್ವವಿತ್ತು: ಊರಿಗೆ ಮಾತು ಹೇಳುವವನು ಯಾರೆಂದು ಊರಿಗೆ ಗೊತ್ತಿರಬೇಕು.

ಇಂದು ಆ ತತ್ವ ಎರಡು ಕಡೆ ಮುರಿದಿದೆ. ಸಂದೇಶ ಬರೆದವನ ಹೆಸರು ಕಾಣುವುದಿಲ್ಲ. ಕಾಣುವುದು ಅದನ್ನು ದಾಟಿಸಿದ ನಮ್ಮದೇ ಭಾವ, ಸೊಸೆ, ಸಹಪಾಠಿಯ ಹೆಸರು. ಅವರ ಮೇಲಿನ ನಂಬಿಕೆಯೇ ಸುಳ್ಳಿಗೆ ಸಿಗುವ ಮುದ್ರೆ. ಹಾಗೆಯೇ ಆ ಸಂದೇಶ ಹರಿಯುವ ಕಾಲುವೆಯ ಒಡೆಯನ ಹೆಸರೂ ನಮಗೆ ಕಾಣುವುದಿಲ್ಲ.

ಹಲಗೆ ಹಾಕುವವರು

ನಮ್ಮ ಕರಾವಳಿಯವರಿಗೆ ಕಿಂಡಿ ಅಣೆಕಟ್ಟನ್ನು ವಿವರಿಸಬೇಕಾಗಿಲ್ಲ. ಘಟ್ಟದ ಮೇಲಿನ ಮಿತ್ರರಿಗಾಗಿ ಎರಡು ಮಾತು. ಮಳೆ ನಿಂತು ಹೊಳೆಯ ಸಿಹಿನೀರಿನ ಹರಿವು ಇಳಿಯುತ್ತಿದ್ದಂತೆ ಸಮುದ್ರದ ಉಬ್ಬರ ಉಪ್ಪುನೀರನ್ನು ಮೇಲಕ್ಕೆ ತಳ್ಳುತ್ತದೆ. ಸರಿಯಾದ ಸಮಯಕ್ಕೆ ಕಿಂಡಿಗಳಿಗೆ ಹಲಗೆ ಇಳಿಸಿದರೆ ಮೇಲೆ ಸಿಹಿನೀರು ನಿಲ್ಲುತ್ತದೆ. ತಡಮಾಡಿದರೆ ಗದ್ದೆಗೂ ಬಾವಿಗೂ ಉಪ್ಪು. ಮಳೆಗಾಲದ ಮುನ್ನ ತೆಗೆಯಲು ಮರೆತರೆ ನೆರೆ. ಆದ್ದರಿಂದ ಅಣೆಕಟ್ಟು ಕಟ್ಟಿದ ಕಂತ್ರಾಟುದಾರನಿಗಿಂತ ಹಲಗೆ ಹಾಕುವವನು ಯಾರು ಎಂಬುದೇ ಊರಿಗೆ ಮುಖ್ಯ.

ಜಾಲತಾಣಗಳಿಗೂ ಹಲಗೆಗಳಿವೆ. ವಾಟ್ಸಾಪ್ ಸಂಸ್ಥೆಯನ್ನು ಫೇಸ್‌ಬುಕ್ 2014ರಲ್ಲಿ ಸುಮಾರು 1,900 ಕೋಟಿ ಡಾಲರಿಗೆ ಖರೀದಿಸಿತು. ಎರಡು ವರ್ಷ ಮುಂಚೆ ಇನ್‌ಸ್ಟಾಗ್ರಾಮನ್ನು ಕೊಂಡಿತ್ತು. ಇಂದು ಮೂರೂ 'ಮೆಟಾ' ಎಂಬ ಒಂದೇ ಕಂಪೆನಿಯ ಕೈಯಲ್ಲಿವೆ. ಆ ಕಂಪೆನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತಾಧಿಕಾರ ಮಾರ್ಕ್ ಝುಕರ್‌ಬರ್ಗ್ ಎಂಬ ಒಬ್ಬ ವ್ಯಕ್ತಿಯದು.

2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕಳ್ಳನೆಂಬ ಶಂಕೆಯಿಂದ ರಾಜಸ್ಥಾನದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ತಂತ್ರಜ್ಞರೊಬ್ಬರು ಅದೇ ವದಂತಿಗೆ ಬಲಿಯಾದರು. ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅಪರಾಧವಾಯಿತು. ದೇಶದ ಬೇರೆ ಕಡೆಯೂ ಅಂಥ ಕೊಲೆಗಳು ನಡೆದಿದ್ದವು. ಮುರ್ಕಿಯ ಘಟನೆಯ ಒಂದೇ ವಾರದಲ್ಲಿ ವಾಟ್ಸಾಪ್ ಒಂದು ಹಲಗೆ ಇಳಿಸಿತು: ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸುವಂತಿಲ್ಲ. 2020ರ ಏಪ್ರಿಲ್‌ನಲ್ಲಿ ಇನ್ನೊಂದು ಹಲಗೆ: ಹಲವು ಬಾರಿ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಬ್ಬರಿಗಷ್ಟೇ ಕಳುಹಿಸಬಹುದು. ಇದರಿಂದ ಅಂಥ ಸಂದೇಶಗಳು ಶೇಕಡಾ 70ರಷ್ಟು ಇಳಿದವೆಂದು ಕಂಪೆನಿಯೇ ಹೇಳಿಕೊಂಡಿತು.

ಇದರಲ್ಲಿರುವ ಪಾಠ ಸಣ್ಣದಲ್ಲ. ವಾಟ್ಸಾಪ್ ಸಂದೇಶಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಅವುಗಳನ್ನು ತಾನು ಓದಲಾರೆ ಎಂದು ಕಂಪೆನಿ ಹೇಳುತ್ತದೆ. ಖಾಸಗಿತನದ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಒಂದಕ್ಷರವನ್ನೂ ಓದದೆ, ಕೇವಲ ಹರಿವಿನ ವೇಗವನ್ನು ಬದಲಿಸುವುದರಿಂದ ಇಷ್ಟು ವ್ಯತ್ಯಾಸ ಸಾಧ್ಯವಾದರೆ, ಆ ಹಲಗೆ ಮುಂಚೆಯೇ ಏಕೆ ಇಳಿಯಲಿಲ್ಲ? ಮುರ್ಕಿಯ ಜನ ಕೇಳಿದ್ದರೆ ಇಳಿಯುತ್ತಿತ್ತೇ? ಇಳಿಸಲು ಕ್ಯಾಲಿಫೋರ್ನಿಯಾದಲ್ಲಿ ತೀರ್ಮಾನವಾಗಬೇಕಿತ್ತು. ಒಡೆತನ ಎಂದರೆ ಇದು.

ಸಿಟ್ಟನ್ನು ಆಯ್ದ ತಳಿ

ತಳಿ ಅಭಿವೃದ್ಧಿಯಲ್ಲಿ ಒಂದು ಮೂಲಪಾಠವಿದೆ. ಒಂದೇ ಗುಣಕ್ಕಾಗಿ ಪೀಳಿಗೆಯಿಂದ ಪೀಳಿಗೆಗೆ ಆಯ್ಕೆ ಮಾಡುತ್ತ ಹೋದರೆ ಆ ಗುಣ ಖಂಡಿತ ಹೆಚ್ಚುತ್ತದೆ, ಅದರ ಬೆಲೆಯನ್ನು ಬೇರೆ ಗುಣಗಳು ತೆರುತ್ತವೆ. ಇಳುವರಿಯನ್ನಷ್ಟೇ ನೋಡಿ ಆಯ್ದ ಭತ್ತ ರೋಗಕ್ಕೆ ಬೇಗ ಮಣಿಯಬಹುದು.

ಫೇಸ್‌ಬುಕ್ಕಿನ ಆದಾಯದ ಬಹುಪಾಲು ಜಾಹೀರಾತಿನದು. ಜನರು ತೆರೆಯ ಮುಂದೆ ಕುಳಿತಷ್ಟೂ ಜಾಹೀರಾತು ಹೆಚ್ಚು. ಆದ್ದರಿಂದ ಅಲ್ಲಿಯ ಗಣಕಸೂತ್ರ ಯಾವ ಬರಹವನ್ನು ಮೇಲೆ ತರಬೇಕೆಂದು ಆಯ್ಕೆ ಮಾಡುವಾಗ, ಜನ ಎಷ್ಟು ಕೆರಳಿ ಪ್ರತಿಕ್ರಿಯಿಸಿದರು ಎಂಬುದನ್ನು ಅಳೆಯುತ್ತದೆ. 2021ರಲ್ಲಿ ಕಂಪೆನಿಯ ಮಾಜಿ ಉದ್ಯೋಗಿ ಫ್ರಾನ್ಸಸ್ ಹೌಗನ್ ಹೊರತಂದ ಒಳದಾಖಲೆಗಳಿಂದ ಒಂದು ಸಂಗತಿ ಬೆಳಕಿಗೆ ಬಂತು. 2017ರಿಂದ ಕೆಲಕಾಲ ಸಿಟ್ಟು ಮೊದಲಾದ ಭಾವಚಿಹ್ನೆಗಳಿಗೆ ಸಾಮಾನ್ಯ ಮೆಚ್ಚುಗೆಗಿಂತ ಐದು ಪಟ್ಟು ತೂಕ ನೀಡಲಾಗಿತ್ತು. ಸಿಟ್ಟಿನ ಗುರುತು ಹೆಚ್ಚು ಬೀಳುವ ಬರಹಗಳಲ್ಲಿ ಸುಳ್ಳು ಮತ್ತು ವಿಷ ಹೆಚ್ಚೆಂದು ಕಂಪೆನಿಯ ಸಂಶೋಧಕರೇ ಎಚ್ಚರಿಸಿದ್ದರು. ಸಿಟ್ಟಿನ ತೂಕ ಸೊನ್ನೆಗಿಳಿದದ್ದು 2020ರಲ್ಲಿ. ಅಷ್ಟರಲ್ಲಿ ಮೂರು ವರ್ಷಗಳ ಬಿತ್ತನೆ ನಡೆದುಹೋಗಿತ್ತು.

ಇಂಥ ವಾತಾವರಣದ ಫಸಲನ್ನು ನಾವು ದೂರದಲ್ಲಿ ಹುಡುಕಬೇಕಾಗಿಲ್ಲ. 2017ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ಕಾಣೆಯಾಗಿದ್ದ ತರುಣನೊಬ್ಬನ ಶವ ಕೆರೆಯಲ್ಲಿ ದೊರೆಯಿತು. ಬಿಸಿ ಎಣ್ಣೆ ಸುರಿದು, ಅಂಗಾಂಗ ಕತ್ತರಿಸಿ ಕೊಂದರೆಂಬ ಸಂದೇಶಗಳು ಕ್ಷಣದಲ್ಲಿ ಕರಾವಳಿಯನ್ನು ಸುತ್ತಿದವು. ವಿಧಿವಿಜ್ಞಾನ ತಜ್ಞರು ಅವುಗಳನ್ನು ಒಂದೊಂದಾಗಿ ಅಲ್ಲಗಳೆದರೂ ಕುಮಟಾ, ಶಿರಸಿಗಳಲ್ಲಿ ಕಲ್ಲುಗಳು ಹಾರಿದವು. ಮುಂದಿನ ವಿಧಾನಸಭಾ ಚುನಾವಣೆಯಲ್ಲಿ ಆ ಸಾವು ಪ್ರಚಾರದ ಸರಕಾಯಿತು. ಅದು ನೀರಿನಲ್ಲಿ ಮುಳುಗಿ ಆದ ಸಾವೆಂದು ಸಿಬಿಐ ತನ್ನ ಅಂತಿಮ ವರದಿ ಸಲ್ಲಿಸಿದ್ದು 2022ರ ಅಕ್ಟೋಬರಿನಲ್ಲಿ. ಸುಳ್ಳಿಗೆ ಬೇಕಾದದ್ದು ಎರಡು ದಿನ. ತನಿಖೆಗೆ ಬೇಕಾದದ್ದು ಸುಮಾರು ಐದು ವರ್ಷ. ಮಗನನ್ನು ಕಳೆದುಕೊಂಡ ಆ ಮೀನುಗಾರ ಕುಟುಂಬದ ದುಃಖವನ್ನು ಯಾರೂ ಕೇಳಿ ಬಳಸಿಕೊಳ್ಳಲಿಲ್ಲ.

ಸುಳ್ಳು ಒಂದೇ ಪಾಳೆಯದ ಸ್ವತ್ತೆಂದು ತಿಳಿಯಬಾರದು. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಸಮಯದಲ್ಲಿ ಶಿವಮೊಗ್ಗದ ಕಾಲೇಜೊಂದರಲ್ಲಿ ರಾಷ್ಟ್ರಧ್ವಜ ಇಳಿಸಿ ಕೇಸರಿ ಧ್ವಜ ಏರಿಸಿದರೆಂದು ಇನ್ನೊಂದು ಪಾಳೆಯದ ದೊಡ್ಡವರೂ ಹಂಚಿಕೊಂಡರು. ಕೇಸರಿ ಧ್ವಜ ಏರಿದ್ದು ನಿಜ. ಆದರೆ ಆ ಕಂಬದಲ್ಲಿ ರಾಷ್ಟ್ರಧ್ವಜ ಇರಲೇ ಇಲ್ಲವೆಂದು ಪೊಲೀಸರು ಸ್ಪಷ್ಟಪಡಿಸಬೇಕಾಯಿತು.

ಇದೇ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟಿನ ಮುಂದಿನ ದೃಶ್ಯ ಅದೇ ವರ್ಷದ ಫೆಬ್ರವರಿ 3ರಂದು ದೇಶವನ್ನೆಲ್ಲ ಸುತ್ತಿದ್ದು ನಿಮಗೆ ನೆನಪಿದೆ. ಆ ದೃಶ್ಯ ಸುಳ್ಳಲ್ಲ. ಆದರೆ ಊರಿನ ಹಿರಿಯರು, ಪಾಲಕರು, ಅಧ್ಯಾಪಕರು ಒಂದೆಡೆ ಕುಳಿತು ಮಾತನಾಡುವ ಮೊದಲೇ ನಮ್ಮ ಊರಿನ ಹೆಣ್ಣುಮಕ್ಕಳು ದೇಶದ ಜಗಳಕ್ಕೆ ಚಿತ್ರಗಳಾಗಿಬಿಟ್ಟರು. ನಿಜದ ತುಣುಕನ್ನೂ ಸಿಟ್ಟಿನ ಯಂತ್ರಕ್ಕೆ ಹಾಕಿದರೆ ಹೊರಬರುವುದು ಸಿಟ್ಟೇ.

ಕನ್ನಡಕ್ಕೆ ಕಾವಲುಗಾರರಿಲ್ಲ

ಒಡೆತನ ದೂರವಾದಷ್ಟೂ ಭಾಷೆಯ ಮೇಲಿನ ಕಾಳಜಿ ತೆಳುವಾಗುತ್ತದೆ. ಮೇಲೆ ಹೇಳಿದ ದಾಖಲೆಗಳ ಆಧಾರದಲ್ಲಿ 2021ರಲ್ಲಿ ಬಂದ ವರದಿಗಳ ಪ್ರಕಾರ, ಸುಳ್ಳು ಮಾಹಿತಿಯನ್ನು ಗುರುತಿಸಲು ಫೇಸ್‌ಬುಕ್ ಮೀಸಲಿಟ್ಟ ಸಂಪನ್ಮೂಲದಲ್ಲಿ ಶೇಕಡಾ 87 ಅಮೆರಿಕಕ್ಕೆ, ಉಳಿದ ಜಗತ್ತಿಗೆಲ್ಲ ಸೇರಿ ಶೇಕಡಾ 13. ಭಾರತದ ಮಾನ್ಯತೆ ಪಡೆದ 22 ಭಾಷೆಗಳ ಪೈಕಿ ಐದರಲ್ಲಷ್ಟೇ ಅದರ ಯಂತ್ರಗಳಿಗೆ ತರಬೇತಿಯಾಗಿತ್ತು. ಬಳಕೆದಾರರ ಸಂಖ್ಯೆಯಲ್ಲಿ ಭಾರತ ಅದರ ಅತಿ ದೊಡ್ಡ ಮಾರುಕಟ್ಟೆ ಎಂಬುದನ್ನು ಮರೆಯಬಾರದು. ವ್ಯಾಪಾರಕ್ಕೆ ನಾವು ಬೇಕು, ಕಾವಲಿಗೆ ಬೇಡ.

2025ರ ಜುಲೈಯಲ್ಲಿ ಇದರ ವಿಚಿತ್ರ ಉದಾಹರಣೆ ದೊರೆಯಿತು. ಹಿರಿಯ ನಟಿ ಬಿ. ಸರೋಜಾದೇವಿಯವರ ನಿಧನಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕನ್ನಡದಲ್ಲಿ ಸಂತಾಪ ಸೂಚಿಸಿದ್ದನ್ನು ಮೆಟಾದ ಯಂತ್ರಾನುವಾದವು, ಮುಖ್ಯಮಂತ್ರಿಗಳೇ ನಿಧನರಾದರೆಂದು ಇಂಗ್ಲಿಷಿನಲ್ಲಿ ತೋರಿಸಿತು. ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಪತ್ರ ಬರೆದರು, ಕಂಪೆನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಗಳ ವಿಷಯವಾದ್ದರಿಂದ ಕ್ಷಮೆ ಬಂತು. ಬೈಂದೂರಿನ ತೋಟದ ಯಜಮಾನರು ತಮಗೆ ಬಂದ ಸುಳ್ಳಿಗಾಗಿ ಯಾರಿಗೆ ಪತ್ರ ಬರೆಯಬೇಕು? ವಿಳಾಸವೆಲ್ಲಿದೆ?

ಒಡೆಯನೂ ಅರಸನೂ

ಒಡೆಯನಿಗೆ ಹಲಗೆಯೊಂದೇ ಅಲ್ಲ, ಹಿತಾಸಕ್ತಿಯೂ ಇರುತ್ತದೆ. 2020ರ ಏಪ್ರಿಲ್‌ನಲ್ಲಿ ಫೇಸ್‌ಬುಕ್ 43,574 ಕೋಟಿ ರೂಪಾಯಿ ಹೂಡಿ ಜಿಯೋ ಪ್ಲಾಟ್‌ಫಾರ್ಮ್ಸ್‌ನ ಶೇಕಡಾ 9.99 ಪಾಲನ್ನು ಪಡೆಯಿತು. ಯೂಟ್ಯೂಬಿನ ಒಡೆಯನಾದ ಗೂಗಲ್ ಅದೇ ವರ್ಷದ ಜುಲೈಯಲ್ಲಿ ಅದೇ ಕಂಪೆನಿಯಲ್ಲಿ 33,737 ಕೋಟಿ ರೂಪಾಯಿ ಹೂಡುವುದಾಗಿ ಘೋಷಿಸಿತು. ಸಂದೇಶ ಸಾಗಿಸುವವರು, ಜಾಲದ ಸಂಪರ್ಕ ಮಾರುವವರು ಹೀಗೆ ಪಾಲುದಾರರಾದರು. ಇಂಥವರಿಗೆ ಆಳುವ ಸರಕಾರದ ಮುನಿಸು ದುಬಾರಿ. ಅದೇ ಆಗಸ್ಟಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ, ಕೇಂದ್ರದಲ್ಲಿ ಆಳುವ ಪಕ್ಷದ ತೆಲಂಗಾಣದ ಶಾಸಕರೊಬ್ಬರಿಗೆ ದ್ವೇಷಭಾಷಣದ ನಿಯಮ ಅನ್ವಯಿಸುವುದನ್ನು ಫೇಸ್‌ಬುಕ್ಕಿನ ಭಾರತದ ನೀತಿ ಮುಖ್ಯಸ್ಥರು ವ್ಯಾಪಾರಕ್ಕೆ ಹಾನಿಯಾದೀತೆಂದು ವಿರೋಧಿಸಿದ್ದರೆಂದು ವರದಿ ಮಾಡಿತು. ಕಂಪೆನಿ ಪಕ್ಷಪಾತವನ್ನು ನಿರಾಕರಿಸಿತು. ಆದರೆ ವರದಿಯ ಬಳಿಕ ಆ ಶಾಸಕರನ್ನು ತನ್ನ ತಾಣದಿಂದ ನಿಷೇಧಿಸಿತು.

ಟ್ವಿಟರಿನ ಕಥೆ ಇನ್ನೂ ನೇರ. 2022ರ ಅಕ್ಟೋಬರಿನಲ್ಲಿ ಎಲಾನ್ ಮಸ್ಕ್ ಅದನ್ನು 4,400 ಕೋಟಿ ಡಾಲರಿಗೆ ಕೊಂಡು, ಸುಮಾರು ಅರ್ಧದಷ್ಟು ಸಿಬ್ಬಂದಿಯನ್ನು ಮನೆಗೆ ಕಳುಹಿಸಿದರು. 2024ರ ಅಮೆರಿಕದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಯನ್ನು ಬಹಿರಂಗವಾಗಿ ಬೆಂಬಲಿಸಿ, 25 ಕೋಟಿ ಡಾಲರಿಗೂ ಮಿಕ್ಕಿ ಹಣ ಸುರಿದರು. ಆ ಅಭ್ಯರ್ಥಿ ಗೆದ್ದ ಮೇಲೆ, 2025ರ ಜನವರಿಯಲ್ಲಿ, ಮೆಟಾ ಕೂಡ ಅಮೆರಿಕದಲ್ಲಿ ಹೊರಗಿನ ಸತ್ಯಶೋಧಕರ ವ್ಯವಸ್ಥೆಯನ್ನು ಕೈಬಿಡುವುದಾಗಿ ಘೋಷಿಸಿತು. ಗಾಳಿ ಬಂದತ್ತ ಹಲಗೆ.

ಹಾಗಾದರೆ ಹಲಗೆಯನ್ನು ಸರಕಾರದ ಕೈಗೆ ಕೊಡೋಣವೇ? ಅಲ್ಲಿಯೂ ಎಚ್ಚರ ಬೇಕು. ಖಾತೆಗಳನ್ನು ಮುಚ್ಚಬೇಕೆಂಬ ಕೇಂದ್ರದ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ನಮ್ಮ ಕರ್ನಾಟಕ ಹೈಕೋರ್ಟಿಗೇ ಬಂದಿತ್ತು. 2023ರ ಜೂನ್ 30ರಂದು ಅರ್ಜಿ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಆಯಿತು. 2020ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಕರಡಿನ ವಿರುದ್ಧ ಜನರನ್ನು ಸಂಘಟಿಸುತ್ತಿದ್ದ ಕೆಲವು ಪರಿಸರ ಗುಂಪುಗಳ ಜಾಲತಾಣಗಳೇ ಕೆಲಕಾಲ ಮುಚ್ಚಿಹೋಗಿದ್ದವು. 2025ರ ಜೂನ್‌ನಲ್ಲಿ ನಮ್ಮ ರಾಜ್ಯದಲ್ಲಿಯೂ ಸುಳ್ಳು ಸುದ್ದಿ ನಿಷೇಧದ ಕರಡು ಮಸೂದೆಯೊಂದು ಚರ್ಚೆಗೆ ಬಂತು: ಏಳು ವರ್ಷದವರೆಗೆ ಸೆರೆ, ಸಚಿವರ ನೇತೃತ್ವದ ಪ್ರಾಧಿಕಾರ. ಸುಳ್ಳು ಯಾವುದೆಂದು ಸಚಿವರು ತೀರ್ಮಾನಿಸುವುದಾದರೆ, ನಾಳೆ ಅಣೆಕಟ್ಟಿನ ಅಂಕಿಅಂಶ ಪ್ರಶ್ನಿಸಿದ ಈ ವಾರ್ತಾಪತ್ರವೂ ಸುಳ್ಳಾದೀತು.

ಒಡೆಯ ನಮ್ಮವನೇ ಆದರೆ ಸಾಕೇ ಎಂಬ ಪ್ರಶ್ನೆಯೂ ಇದೆ. ಬೆಂಗಳೂರಿನಲ್ಲಿ 2020ರಲ್ಲಿ ಕನ್ನಡಕ್ಕೂ ಆದ್ಯತೆ ಕೊಟ್ಟು ಆರಂಭವಾದ 'ಕೂ' ಎಂಬ ತಾಣ, ಕೇಂದ್ರಕ್ಕೂ ಟ್ವಿಟರಿಗೂ ಜಗಳ ಹತ್ತಿದಾಗ ಸಚಿವರ ಬೆಂಬಲದಿಂದ ಹಿಗ್ಗಿತು. ಬಂಡವಾಳ ಬತ್ತಿದಾಗ 2024ರ ಜುಲೈಯಲ್ಲಿ ಮುಚ್ಚಿತು. ಇದಕ್ಕಿಂತ ನಾಲ್ಕು ದಶಕ ಹಿಂದೆ ನಮ್ಮ ಬ್ರಹ್ಮಾವರದ ಬಳಿಯ ವಡ್ಡರ್ಸೆಯ ರಘುರಾಮ ಶೆಟ್ಟರು ಬೇರೊಂದು ದಾರಿ ಹಿಡಿದಿದ್ದರು. 1984ರಲ್ಲಿ ಮಂಗಳೂರಿನಿಂದ ಅವರು ಹೊರತಂದ 'ಮುಂಗಾರು' ಓದುಗರ ಒಡೆತನದ ಪತ್ರಿಕೆ. ಓದುಗರಿಂದಲೇ ಪಾಲು ಬಂಡವಾಳ ಸಂಗ್ರಹಿಸಿ ಕಟ್ಟಿದ್ದು. ಆರ್ಥಿಕ ಸಂಕಷ್ಟದಿಂದ ಅದೂ ಉಳಿಯಲಿಲ್ಲ. ಆದರೆ ಶೆಟ್ಟರು ಕೇಳಿದ ಪ್ರಶ್ನೆ ಉಳಿದಿದೆ: ನಮಗೆ ಮಾತು ತಲುಪಿಸುವವನಿಗೆ ಅನ್ನ ಹಾಕುವವರು ಯಾರು? ಜಾಹೀರಾತುದಾರನೇ, ಸರಕಾರವೇ, ನಾವೇ? ಪುಕ್ಕಟೆ ಸಿಗುವ ಮಾತಿಗೆ ಬೇರೆ ಯಾರೋ ಬೆಲೆ ಕೊಟ್ಟಿರುತ್ತಾರೆ.

ನನ್ನ ತಪ್ಪು

ಇಷ್ಟೆಲ್ಲ ಹೇಳುವ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ, ಇಡೀ ಬೆಟ್ಟದ ಮೈ ಕಳಚಿ ಬೀಳುವ ದೃಶ್ಯವೊಂದು ನನಗೆ ಬಂತು. ನಾವು ವರ್ಷಗಟ್ಟಲೆ ಹೇಳುತ್ತ ಬಂದದ್ದು ನಿಜವಾಯಿತೆಂಬ ಸಂಕಟದಲ್ಲಿ, ಒಳಗೊಳಗೇ ಒಂದು ಬಗೆಯ ಸಮಾಧಾನದಲ್ಲಿ, ಅದನ್ನು ನಾಲ್ಕಾರು ಗುಂಪುಗಳಿಗೆ ದಾಟಿಸಿದೆ. ಮರುದಿನ ವಿದ್ಯಾರ್ಥಿಯೊಬ್ಬ ಅದು ಬೇರೆ ದೇಶದ ಹಳೆಯ ದೃಶ್ಯವೆಂದು ತೋರಿಸಿಕೊಟ್ಟ. ತಿದ್ದುಪಡಿ ಕಳುಹಿಸಿದೆ. ದೃಶ್ಯ ಹತ್ತೂರು ದಾಟಿತ್ತು, ತಿದ್ದುಪಡಿ ನಾನು ಕಳುಹಿಸಿದಲ್ಲೇ ಉಳಿಯಿತು. ಡಾಕ್ಟರೇಟ್ ಪದವಿ ಆ ಕ್ಷಣದಲ್ಲಿ ನನ್ನ ಬೆರಳನ್ನು ತಡೆಯಲಿಲ್ಲ. ಒಳ್ಳೆಯ ಉದ್ದೇಶಕ್ಕೆ ಹೇಳಿದ ಸುಳ್ಳು ಆ ಉದ್ದೇಶದ ಬೇರನ್ನೇ ಕೊರೆಯುತ್ತದೆ. ಕ್ವಾರಿಯ ಪರವಾದವರು ಇಂದಿಗೂ ಅದನ್ನು ನನ್ನ ಮುಂದೆ ಎತ್ತಿ ಆಡುತ್ತಾರೆ. ಅವರ ಮಾತಿಗೆ ನನ್ನ ಬಳಿ ಉತ್ತರವಿಲ್ಲ.

ಸಿಹಿನೀರಿನ ಹರಿವು

ಉಪ್ಪುನೀರು ಏಕೆ ಮೇಲೇರುತ್ತದೆ? ಸಮುದ್ರ ಕೆಟ್ಟದ್ದೆಂದಲ್ಲ, ಹೊಳೆಯಲ್ಲಿ ಸಿಹಿನೀರಿನ ಹರಿವು ಇಳಿದುದರಿಂದ. ವದಂತಿಯ ವಿಷಯವೂ ಹೀಗೆಯೇ. ಆದ್ದರಿಂದ ನಮ್ಮ ಮುಂದೆ ಎರಡು ಕೆಲಸಗಳಿವೆ.

ಮೊದಲನೆಯದು ಹಲಗೆಗೆ ಸಂಬಂಧಿಸಿದ್ದು. ಯಾವ ಬರಹವನ್ನು ಯಾವ ಸೂತ್ರದಿಂದ ಮೇಲೆ ತರುತ್ತೀರಿ, ರಾಜಕೀಯ ಜಾಹೀರಾತಿಗೆ ಹಣ ಕೊಟ್ಟವರು ಯಾರು, ಕನ್ನಡ ಬಲ್ಲ ಎಷ್ಟು ಪರಿಶೀಲಕರು ನಿಮ್ಮಲ್ಲಿದ್ದಾರೆ ಎಂಬ ಲೆಕ್ಕವನ್ನು ಕಂಪೆನಿಗಳು ಬಹಿರಂಗಪಡಿಸಬೇಕೆಂದು ಕಾನೂನು ಬೇಕು. ಐರೋಪ್ಯ ಒಕ್ಕೂಟ 2022ರ ತನ್ನ ಕಾಯಿದೆಯಲ್ಲಿ ದೊಡ್ಡ ತಾಣಗಳು ತಮ್ಮಿಂದಾಗುವ ಅಪಾಯವನ್ನು ಅಳೆದು ವರದಿ ಮಾಡಬೇಕು, ಸಂಶೋಧಕರಿಗೆ ಮಾಹಿತಿ ಒದಗಿಸಬೇಕು ಎಂದು ವಿಧಿಸಿದೆ. ಸಂದೇಶ ದಾಟಿಸಿದ ಬಡವನನ್ನು ಜೈಲಿಗೆ ಹಾಕುವ ಕಾನೂನಿಗಿಂತ ಹಲಗೆಯವನನ್ನು ಲೆಕ್ಕ ಕೇಳುವ ಕಾನೂನು ನಮಗೆ ಬೇಕಾದದ್ದು. ನಮ್ಮ ಸಂಸದರ, ಶಾಸಕರ ಮುಂದೆ ಈ ಬೇಡಿಕೆ ಇಡೋಣ.

ಎರಡನೆಯದು ಸಿಹಿನೀರಿಗೆ ಸಂಬಂಧಿಸಿದ್ದು, ಅದು ಪೂರ್ತಿ ನಮ್ಮ ಕೈಯಲ್ಲೇ ಇದೆ. ಪರಿಸರಕ್ಕೆ ಸಂಬಂಧಿಸಿದ ಯಾವುದೇ ಕರಡು ಬಂದರೂ ಅದರ ಪೂರ್ಣ ಕನ್ನಡ ಪಾಠ ಗ್ರಾಮ ಪಂಚಾಯತಿಯಲ್ಲಿ ಸಿಗಬೇಕು, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಬೇಕು ಎಂದು ಪ್ರತಿ ಪಂಚಾಯತಿಯಿಂದ ನಿರ್ಣಯ ಮಾಡಿಸೋಣ. ನಮ್ಮ ಬಳಗದ ವಾಟ್ಸಾಪ್ ಗುಂಪುಗಳಲ್ಲಿ ಇಂದಿನಿಂದ ಒಂದು ನಿಯಮ ಇರಲಿ: ಏನನ್ನೇ ದಾಟಿಸಿದರೂ ಎಲ್ಲಿಂದ ಬಂತು, ನಾನು ಪರಿಶೀಲಿಸಿದ್ದೇನೆಯೇ ಎಂದು ಕೆಳಗೆ ಒಂದು ಸಾಲು ಬರೆಯುವುದು. ಹಳೆಯ ಕರಪತ್ರದ ಬುಡದ ಆ ಸಾಲನ್ನು ಮರಳಿ ತರುವುದಷ್ಟೇ ಇದರ ಉದ್ದೇಶ. ತಪ್ಪಾದರೆ, ತಪ್ಪು ಹೋದ ಕಡೆಗೆಲ್ಲ ತಿದ್ದುಪಡಿಯನ್ನೂ ಕಳುಹಿಸುವ ಹೊಣೆ ಕಳುಹಿಸಿದವರದೇ.

ಕೊನೆಗೆ ಆ ತೋಟದ ಯಜಮಾನರ ಮಾತು. ಅಂದು ಸಂಜೆ ಅವರ ಚಾವಡಿಯಲ್ಲಿ ಏಳೆಂಟು ಮನೆಯವರು ಸೇರಿದರು. ಕರಡನ್ನು ಒಂದೊಂದೇ ಕಲಮು ಕನ್ನಡದಲ್ಲಿ ಹೇಳುತ್ತ ಹೋದೆ. ಎರಡು ಗಂಟೆ ಹಿಡಿಯಿತು. 20,000 ಚದರ ಮೀಟರ್ ಎಂದರೆ ಸುಮಾರು ಐದು ಎಕರೆ ಎಂದಾಗ, "ಅಷ್ಟ್ ದೊಡ್ಡ ಮನೆ ನಮ್ಗೆ ಯಾಕೆ?" ಎಂದು ಯಾರೋ ನಕ್ಕರು. ಆದರೆ ಎಲ್ಲರೂ ನನ್ನ ಅಭಿಪ್ರಾಯಕ್ಕೆ ಬಂದರೆಂದು ಹೇಳಿದರೆ ಅದೂ ಸುಳ್ಳಾದೀತು. ಯಜಮಾನರು ಕರಡನ್ನು ಈಗಲೂ ಒಪ್ಪುವುದಿಲ್ಲ. ತಮ್ಮ ತಾತನ ಕಾಲದ ತೋಟವನ್ನು ಆಕಾಶದಿಂದ ನೋಡಿ ಕಾಡೆಂದು ಬರೆಯಲು ಇವರು ಯಾರು ಎಂಬುದು ಅವರ ಆಕ್ಷೇಪ. ಅದು ನ್ಯಾಯವಾದ ಆಕ್ಷೇಪ. ಅದನ್ನೇ ಮಗಳ ಕೈಯಲ್ಲಿ ಒಂದು ಹಾಳೆಯ ಮೇಲೆ ಬರೆಸಿ, ನಿಗದಿತ 60 ದಿನಗಳೊಳಗೆ ಸಚಿವಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದರು.

ಆ ಹಾಳೆಯಲ್ಲಿ ಒಕ್ಕಲೆಬ್ಬಿಸುವ ಮಾತಿರಲಿಲ್ಲ, ಕೊಟ್ಟಿಗೆಯ ಹೆಂಚಿನ ಮಾತಿರಲಿಲ್ಲ. ಸರ್ವೆ ನಂಬರ್ ಇತ್ತು, ತೋಟದ ವಯಸ್ಸಿತ್ತು. ಕೆಳಗೆ ಅವರ ಹೆಸರು, ಊರು, ಸಹಿ ಇದ್ದವು. ಎಲ್ಲರಿಗೂ ಬಂದ ಸಂದೇಶಕ್ಕೂ ಒಬ್ಬರು ಬರೆದ ಆ ಕಾಗದಕ್ಕೂ ಇರುವ ಅಂತರವೇ ಇಂದು ನಾನು ಹೇಳಬೇಕೆಂದಿದ್ದ ವಿಷಯ.